ಕೊಯ್ಯದ ಚಾಕುಗಳ ಪತ್ರಿಕೆ

ನಾಸಿಕ್‌ಗೆ ಆ ಹೆಸರು ಬಂದದ್ದೇ ಒಂದು ಕತ್ತಿಯೇಟಿನಿಂದ ಎನ್ನುತ್ತದೆ ಸ್ಥಳಪುರಾಣ. ಪಂಚವಟಿಯಲ್ಲಿ ಲಕ್ಷ್ಮಣ ಶೂರ್ಪನಖಿಯ ಮೂಗು ಕೊಯ್ದ, ನಾಸಿಕಾ ನಾಸಿಕ್ ಆಯಿತು. ಮೂಗು ಹೋದದ್ದು ಎಲ್ಲರಿಗೂ ನೆನಪಿದೆ, ಆಮೇಲೆ ನಡೆದ ರಾದ್ಧಾಂತವೂ ನೆನಪಿದೆ. ಕೊಯ್ದ ಆಯುಧ ಎಷ್ಟು ಉದ್ದವಿತ್ತು, ಯಾರು ಬಡಿದದ್ದು, ಯಾವ ಕಲ್ಲಿಗೆ ಮಸೆದದ್ದು ಎಂದು ಯಾರೂ ಕೇಳಿಲ್ಲ. ಪುರಾಣಕ್ಕೆ ಅದು ಬೇಕಾಗಿಯೂ ಇಲ್ಲ. ಚಾಕು ಹವ್ಯಾಸಿಗಳಿಗೆಂದೇ ಹೊರಡುವ ಪತ್ರಿಕೆಗಳು ಮಾಡುವುದು ಇದರ ತಿರುಗುಮುರುಗು. ಅಲಗಿನ ಉದ್ದ, ಉಕ್ಕಿನ ಹೆಸರು, ಹಿಡಿಯ ಮರ, ಚರ್ಮದ ಒರೆ ಎಲ್ಲವನ್ನೂ ಅವು ಹೇಳುತ್ತವೆ. ಅದು ಏನನ್ನು ಕೊಯ್ದಿತು ಎಂಬುದೊಂದನ್ನು ಬಿಟ್ಟು.

ಇಂಥ ಪತ್ರಿಕೆಗಳು ಇವೆಯೇ ಎಂದು ಹುಬ್ಬೇರಿಸುವವರಿಗೆ ಸ್ವಲ್ಪ ಹಿನ್ನೆಲೆ ಬೇಕು. ಅಮೆರಿಕದಲ್ಲಿ 1973ರಲ್ಲಿ ‘ದಿ ಅಮೆರಿಕನ್ ಬ್ಲೇಡ್’ ಎಂಬ ಹೆಸರಿನಲ್ಲಿ ಶುರುವಾದ ಪತ್ರಿಕೆ ಇವತ್ತು ‘ಬ್ಲೇಡ್’ ಆಗಿ ಹೊರಬರುತ್ತಿದೆ. ಅಟ್ಲಾಂಟದಲ್ಲಿ ವರ್ಷವರ್ಷ ಅದರ ಹೆಸರಿನಲ್ಲಿ ದೊಡ್ಡ ಚಾಕು ಸಂತೆಯೇ ನಡೆಯುತ್ತದೆ. ‘ನೈವ್ಸ್ ಇಲಸ್ಟ್ರೇಟೆಡ್’ ಇದೆ. ‘ಟ್ಯಾಕ್ಟಿಕಲ್ ನೈವ್ಸ್’ ಇತ್ತು. ಅದನ್ನು ತರುತ್ತಿದ್ದ ಹ್ಯಾರಿಸ್ ಪಬ್ಲಿಕೇಷನ್ಸ್ 2016ರಲ್ಲಿ ಬಾಗಿಲು ಹಾಕಿತು. ಜರ್ಮನಿಯಲ್ಲಿ ‘ಮೆಸರ್ ಮ್ಯಾಗಜಿನ್’ ಇದೆ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಇಂಥದೊಂದು ಅಂಗಡಿಯಲ್ಲಿ ತೂಗುಹಾಕಿದ್ದು ಕಾಣುವುದಿಲ್ಲ. ಬೆಂಗಳೂರು, ಪುಣೆ, ನಾಸಿಕ್‌ಗಳಲ್ಲಿ ಚಾಕುವಿನ ಹುಚ್ಚು ಹತ್ತಿಸಿಕೊಂಡವರು ಓದುವುದು ಅಲ್ಲಿಯ ಬರಹವನ್ನೇ. ಆ ಬರಹದ ಗುಣದೋಷ ಹಾಗಾಗಿ ಅಮೆರಿಕದ ತಲೆನೋವು ಮಾತ್ರ ಅಲ್ಲ. ಚಾಕುವನ್ನು ಹೇಗೆ ನೋಡಬೇಕು ಎಂಬ ಕಣ್ಣೂ ಅಲ್ಲಿಂದಲೇ ಬರುತ್ತಿದೆ.

ಒಂದು ಮಾಮೂಲಿ ವಿಮರ್ಶೆ ಹೀಗಿರುತ್ತದೆ. ಕಂಪನಿ ಹೊಸ ಮಡಚುಚಾಕನ್ನು ಬರೆಯುವವನಿಗೆ ಕಳಿಸುತ್ತದೆ. ಅವನು ಡಬ್ಬದಿಂದ ತೆಗೆದ ಖುಷಿಯನ್ನು ಒಂದು ಪ್ಯಾರಾ ಬರೆಯುತ್ತಾನೆ. ಮುಂಗೈ ಕೂದಲು ಬೋಳಿಸಿ ನೋಡುತ್ತಾನೆ, ರಟ್ಟಿನ ಡಬ್ಬ ಸೀಳುತ್ತಾನೆ, ಹಗ್ಗ ಕತ್ತರಿಸುತ್ತಾನೆ, ಒಂದು ಟೊಮೇಟೊ ಹೆಚ್ಚುತ್ತಾನೆ. ಹಿಡಿ ಅಂಗೈಗೆ ಸರಿಯಾಗಿ ಕೂರುತ್ತದೆ ಎನ್ನುತ್ತಾನೆ. ದೋಷ ಹೇಳಲೇಬೇಕಾದರೆ ಜೇಬಿಗೆ ಸಿಕ್ಕಿಸುವ ಕ್ಲಿಪ್ ಸ್ವಲ್ಪ ಬಿಗಿ, ಅಷ್ಟೆ. ಕೊನೆಗೆ ಚೌಕದೊಳಗೆ ಅಳತೆ, ತೂಕ, ಬೆಲೆ. ಪುಟ ತಿರುವಿದರೆ ಅದೇ ಕಂಪನಿಯ ಜಾಹೀರಾತು ಸಿಕ್ಕರೂ ಆಶ್ಚರ್ಯವಿಲ್ಲ. ಫೋಟೋ ಮಾತ್ರ ಕಣ್ಣಿಗೊತ್ತಿಕೊಳ್ಳುವಂಥದು: ಕಲ್ಲಿನ ಮೇಲೆ ಒರಗಿದ ಅಲಗು, ಅದರ ಮೇಲೆ ಹಾದುಹೋದ ಬೆಳಕು.

ಹೊಸ ಚಾಕು ಟೊಮೇಟೊ ಹೆಚ್ಚದೆ ಇನ್ನೇನು ಮಾಡೀತು? ಮೊದಲ ದಿನ ಎಲ್ಲ ಚಾಕುವೂ ಹರಿತವೇ. ಮೂವತ್ತನೆಯ ದಿನ, ಬೆವರು ಮಣ್ಣು ಹತ್ತಿದ ಕೈಯಲ್ಲಿ, ಒಂದೇ ಕೆಲಸವನ್ನು ಸಾವಿರ ಸಲ ಮಾಡಿದ ಮೇಲೆ ಅದು ಹೇಗಿರುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಅದಕ್ಕೆ ತಿಂಗಳು ಬೇಕು, ಪತ್ರಿಕೆಗೆ ಅಷ್ಟು ಪುರುಸೊತ್ತಿಲ್ಲ.

ಪರೀಕ್ಷೆ ಮಾಡುವುದು ಗೊತ್ತಿಲ್ಲದೆ ಹೀಗಾಗಿದೆ ಎನ್ನುವಂತಿಲ್ಲ. 1976ರಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಕಮ್ಮಾರಿಕೆ ಕಲಿತವನಿಗೆ ಒಡ್ಡುವ ಪರೀಕ್ಷೆ ಎಂಥವರ ಬಾಯನ್ನೂ ಮುಚ್ಚಿಸುತ್ತದೆ. ತಾನೇ ಬಡಿದ ಚಾಕುವಿನಿಂದ ಒಂದಂಗುಲ ದಪ್ಪದ ತೂಗಾಡುವ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು. ಆಮೇಲೆ ಮರದ ತೊಲೆಯನ್ನು ಎರಡು ಸಲ ಕಡಿಯಬೇಕು. ಅಷ್ಟಾದ ಮೇಲೂ ಅದೇ ಅಂಚು ಕೂದಲು ಬೋಳಿಸಬೇಕು. ಕೊನೆಗೆ ಅಲಗನ್ನು ವೈಸಿನಲ್ಲಿ ಸಿಕ್ಕಿಸಿ ತೊಂಬತ್ತು ಡಿಗ್ರಿ ಬಗ್ಗಿಸಬೇಕು, ಮುರಿಯಬಾರದು. ಚಾಕು ಅಲ್ಲಿಗೆ ಹಾಳಾಗುತ್ತದೆ, ಮಾಡಿದವನ ವಿದ್ಯೆ ಮಾತ್ರ ಸಾಬೀತಾಗುತ್ತದೆ. ಜಾಹೀರಾತು ಕೊಡುವವನ ಚಾಕನ್ನು ಹೀಗೆ ಬಗ್ಗಿಸುವ ಧೈರ್ಯ ಹೆಚ್ಚಿನ ಪತ್ರಿಕೆಗಳಿಗಿಲ್ಲ.

ಇದಕ್ಕಿಂತ ನಾಜೂಕಾದ ಅಳತೆಯೂ ಇದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕ್ಯಾಟ್ರಾ ಎಂಬ ಸಂಶೋಧನಾ ಸಂಸ್ಥೆ ರೂಪಿಸಿದ ಯಂತ್ರ ಸಿಲಿಕಾ ಬೆರೆಸಿದ ಕಾಗದದ ಕಟ್ಟನ್ನು ಚಾಕುವಿಗೆ ಒತ್ತಿ ಹಿಡಿದು, ಅಲಗನ್ನು ಹಿಂದೆ ಮುಂದೆ ಎಳೆದು, ಒಟ್ಟು ಎಷ್ಟು ಮಿಲಿಮೀಟರ್ ಕತ್ತರಿಸಿತು ಎಂದು ಲೆಕ್ಕ ಕೊಡುತ್ತದೆ. ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ಇಂಥ ಪರೀಕ್ಷೆಗಳನ್ನು ನಡೆಸಿ 2020ರಲ್ಲಿ ‘ನೈಫ್ ಎಂಜಿನಿಯರಿಂಗ್’ ಎಂಬ ಪುಸ್ತಕ ತಂದರು. ಅದರಲ್ಲಿ ಹವ್ಯಾಸಿಗಳಿಗೆ ಇರುಸುಮುರುಸು ತರುವ ವಿಷಯವೊಂದಿದೆ: ಅಂಚಿನ ಕೋನ ಚೂಪಾದಷ್ಟೂ ಚಾಕು ಹೆಚ್ಚು ಹೊತ್ತು ಕತ್ತರಿಸುತ್ತದೆ, ಆ ವ್ಯತ್ಯಾಸ ಎಷ್ಟೋ ಸಲ ಉಕ್ಕಿನ ಹೆಸರು ತರುವ ವ್ಯತ್ಯಾಸವನ್ನು ಮೀರಿಸುತ್ತದೆ. ಪತ್ರಿಕೆಗಳ ಅರ್ಧ ಬಂಡವಾಳವೇ ಉಕ್ಕಿನ ಹೆಸರು. ಈ ವರ್ಷ ಒಂದು ಸಂಖ್ಯೆ, ಮುಂದಿನ ವರ್ಷ ಇನ್ನೊಂದು. ಅಂಚನ್ನು ಎಷ್ಟು ತೆಳ್ಳಗೆ ಮಸೆದಿದ್ದಾರೆ ಎಂಬುದನ್ನು ವಿಮರ್ಶೆಯ ಚೌಕದಲ್ಲಿ ಹುಡುಕಿದರೂ ಸಿಗುವುದು ಅಪರೂಪ.

ಎಲ್ಲವನ್ನೂ ಒಂದೇ ಗುಂಡಿಗೆ ಹಾಕಿದರೆ ಅನ್ಯಾಯವಾದೀತು. ‘ಬ್ಲೇಡ್’ನಲ್ಲಿ ವೇಯ್ನ್ ಗೊಡ್ಡಾರ್ಡ್ ಎಂಬ ಕಮ್ಮಾರ ಓದುಗರ ಪ್ರಶ್ನೆಗಳಿಗೆ ಬರೆಯುತ್ತಿದ್ದ ಉತ್ತರಗಳು ಪುಸ್ತಕವಾಗಿವೆ. ಹಿತ್ತಲಿನಲ್ಲಿ ಗುಜರಿ ಸಾಮಾನಿನಿಂದ ಕುಲುಮೆ ಹೂಡುವುದನ್ನು ಅವರಷ್ಟು ಬಿಡಿಸಿ ಹೇಳಿದವರು ಕಡಿಮೆ. ಹಳೆಯ ಚಾಕು ಸಂಗ್ರಹಿಸುವವರ ಪತ್ರಿಕೆ ‘ನೈಫ್ ವರ್ಲ್ಡ್’, ಈಗಿನ ಹೆಸರು ‘ನೈಫ್ ಮ್ಯಾಗಜಿನ್’, ಫೋಟೋದಲ್ಲಿ ಮಂಕಾಗಿದ್ದರೂ ಮಾತಿನಲ್ಲಿ ಖಡಕ್ಕು. ಅಲಗಿನ ಬುಡದ ಮುದ್ರೆ ಯಾವ ಕಾಲದ್ದು, ಹಿಡಿಯ ಎಲುಬು ಅಸಲಿಯೋ ನಕಲಿಯೋ ಎಂದು ಪುಟಗಟ್ಟಲೆ ಜಗಳ ಆಡುವ ಲೋಕ ಅದು. ಯಾಕೆ ಅಲ್ಲಿ ಈ ಕಟ್ಟುನಿಟ್ಟು? ಪತ್ರಿಕೆ ತಪ್ಪಿದರೆ ಸಂಗ್ರಾಹಕನ ಜೇಬಿಗೆ ಕತ್ತರಿ ಬೀಳುತ್ತದೆ. ಹೊಸ ಮಡಚುಚಾಕಿನ ವಿಮರ್ಶೆ ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲ, ಆ ಚಾಕು ಡ್ರಾಯರಿನಲ್ಲಿ ಇನ್ನೊಂದರ ಪಕ್ಕ ಮಲಗುತ್ತದೆ. ಪತ್ರಿಕೆಯ ಗುಣ ಸಂಪಾದಕನ ಸಜ್ಜನಿಕೆಗಿಂತ ಓದುಗನಿಗಾಗುವ ನಷ್ಟವನ್ನು ಹೆಚ್ಚು ನೆಚ್ಚಿಕೊಂಡಿದೆ.

ಹಾಗಿದ್ದರೆ ಅಲಗು ಕೈಕೊಟ್ಟರೆ ನಿಜವಾಗಿ ನಷ್ಟವಾಗುವವರು ಯಾರು? ಅವರನ್ನು ನೋಡಲು ಅಟ್ಲಾಂಟಕ್ಕೆ ಹೋಗಬೇಕಿಲ್ಲ.

ನಾಸಿಕ್ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ, ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ. ವಿಜಯಪುರ, ಬಾಗಲಕೋಟೆಯ ಬೆಳೆಗಾರರೂ ಇದನ್ನು ಮರಾಠಿಯ ಮಾತಿನಲ್ಲೇ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿ ಬಳ್ಳಿಯ ಮೈ ಕಟ್ಟಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಎಲ್ಲಿ ಕತ್ತರಿಸಿದರು, ಹೇಗೆ ಕತ್ತರಿಸಿದರು ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿದೆ. ಅಲಗು ಪಕ್ಕದಿಂದ ಜಾರಿ ಹೋಗುವ ಕತ್ತರಿ ಬಳ್ಳಿಯನ್ನು ನುಣ್ಣಗೆ ಕೊಯ್ಯುತ್ತದೆ, ಅಡಿಗಲ್ಲಿನ ಮೇಲೆ ಒತ್ತುವ ಕತ್ತರಿ ಜಜ್ಜುತ್ತದೆ. ಜಜ್ಜಿದ ಗಾಯ ಮಾಯುವುದು ನಿಧಾನ. ಕಾಯಿ ಕಟ್ಟಿದ ಮೇಲೆ ಇನ್ನೊಂದು ಕೆಲಸ ಬರುತ್ತದೆ. ರಫ್ತಿಗೆ ಹೋಗುವ ಗೊಂಚಲಿನಲ್ಲಿ ಕಾಯಿಗಳು ಒತ್ತೊತ್ತಾಗಿರಬಾರದು, ನಡುನಡುವಿನ ಕಾಯಿಗಳನ್ನು ಚೂಪುಮೂತಿಯ ಸಣ್ಣ ಕತ್ತರಿಯಿಂದ ತೆಗೆಯಬೇಕು. ಈ ಕೆಲಸ ಹೆಚ್ಚಾಗಿ ಹೆಂಗಸರದು. ತಲೆಯ ಮೇಲಿನ ಚಪ್ಪರದತ್ತ ಕೈ ಎತ್ತಿಕೊಂಡೇ ಬೆಳಗಿನಿಂದ ಸಂಜೆಯವರೆಗೆ ಚಿಕ್ ಚಿಕ್ ಎನ್ನಿಸುತ್ತಲೇ ಇರಬೇಕು. ಅಲ್ಲಿ ಕತ್ತರಿಯ ಉಕ್ಕಿಗಿಂತ ಸ್ಪ್ರಿಂಗಿನ ಬಿಗಿ ಮುಖ್ಯ. ಸ್ವಲ್ಪ ಬಿಗಿ ಹೆಚ್ಚಾದರೆ ಸಂಜೆಗೆ ಹೆಬ್ಬೆರಳಿನ ಬುಡ ಊದಿಕೊಳ್ಳುತ್ತದೆ. ಮೂತಿ ಮೊಂಡಾದರೆ ಪಕ್ಕದ ಕಾಯಿಗೆ ಗೀರು ಬೀಳುತ್ತದೆ, ಗೀರು ಬಿದ್ದ ಕಾಯಿ ಕೊಳೆಯುತ್ತದೆ. ಚಾಕು ಪತ್ರಿಕೆಯ ವಿಮರ್ಶಕ ಒಂದೇ ಒಂದು ದಿನ ಆ ಚಪ್ಪರದ ಕೆಳಗೆ ನಿಂತಿದ್ದರೆ ಅವನ ಟೊಮೇಟೊ ಪರೀಕ್ಷೆ ಅವನಿಗೇ ನಗು ತರಿಸುತ್ತಿತ್ತು.

ಅಲ್ಲಿಂದ ಪೂರ್ವಕ್ಕೆ ಛತ್ರಪತಿ ಸಂಭಾಜಿನಗರ, ಮೊನ್ನೆಮೊನ್ನೆಯವರೆಗಿನ ಔರಂಗಾಬಾದ್. ಊರಾಚೆ ವೇರೂಳದಲ್ಲಿ, ಎಲ್ಲೋರಾ ಎಂದು ಎಲ್ಲರಿಗೂ ಗೊತ್ತಿರುವ ಕಡೆ, ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯವಿದೆ. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕೆತ್ತುತ್ತಾ ಇಳಿದ ಗುಡಿ ಅದು. ಕನ್ನಡದವರು ಅಲ್ಲಿ ಹೋಗಿ ಎದೆಯುಬ್ಬಿಸಿ ಬರುತ್ತಾರೆ, ತಪ್ಪಲ್ಲ. ಬಂಡೆಯಲ್ಲಿ ಇವತ್ತಿಗೂ ಉಳಿಯ ಗೀರುಗಳು ಕಾಣುತ್ತವೆ. ಕರಿಗಲ್ಲಿಗೆ ಬಡಿದ ಉಳಿ ಎಷ್ಟು ಹೊತ್ತು ತಾಳೀತು? ಕೆತ್ತುವವರ ಬೆನ್ನಿಗೇ ಮೊಂಡಾದ ಉಳಿಗಳನ್ನು ಕಾಯಿಸಿ, ಬಡಿದು, ಹದ ಹಾಕಿ ವಾಪಸು ಕೊಡುವ ಕುಲುಮೆಗಳು ಹೊಗೆಯಾಡುತ್ತಲೇ ಇದ್ದಿರಬೇಕು. ಗೈಡುಗಳು ದೊರೆಯ ಹೆಸರು ಹೇಳುತ್ತಾರೆ, ಶಿಲ್ಪಿಯ ದಂತಕತೆ ಹೇಳುತ್ತಾರೆ. ಕುಲುಮೆಯ ಮಾತು ಅಲ್ಲೂ ಬರುವುದಿಲ್ಲ.

ಅದೇ ಸೀಮೆಯಿಂದ, ಬೀಡ್, ಜಾಲ್ನಾ, ಸಂಭಾಜಿನಗರದ ಹಳ್ಳಿಗಳಿಂದ, ದಸರಾ ದೀಪಾವಳಿ ಕಳೆಯುತ್ತಿದ್ದಂತೆ ಜನ ಕಬ್ಬು ಕಡಿಯಲು ಗುಳೆ ಹೊರಡುತ್ತಾರೆ. ಕೊಲ್ಲಾಪುರ, ಸಾಂಗಲಿ, ಇತ್ತ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳವರೆಗೂ ಬರುತ್ತಾರೆ. ಮುಕಾದಮ ಮೊದಲೇ ಕೊಡುವ ಮುಂಗಡಕ್ಕೆ ಉಚಲ್ ಎಂದು ಹೆಸರು. ಲೆಕ್ಕದಲ್ಲಿ ಗಂಡ ಹೆಂಡತಿಯ ಜೋಡಿ ಸೇರಿ ‘ಒಂದು ಕೋಯ್ತಾ’. ಒಬ್ಬರೇ ಬಂದರೆ ‘ಅರ್ಧ ಕೋಯ್ತಾ’. ಕೋಯ್ತಾ ಎಂದರೆ ಕಬ್ಬು ಕಡಿಯುವ ಮಚ್ಚು. ಮನುಷ್ಯರನ್ನು ಅಲಗಿನ ಹೆಸರಿನಿಂದಲೇ ಎಣಿಸುವ ಕಡೆ ಆ ಅಲಗಿನ ಬಗ್ಗೆ ಬರೆದ ಪುಟಗಳೆಷ್ಟು ಎಂದು ಹುಡುಕಿದರೆ ಕೈಗೆ ಸಿಗುವುದು ತೀರ ಕಡಿಮೆ. ಕೂಲಿ ಟನ್ನಿನ ಲೆಕ್ಕದಲ್ಲಿ. ಕಬ್ಬಿನ ಸಿಹಿ ಬುಡದಲ್ಲಿ ಹೆಚ್ಚು, ಹಾಗಾಗಿ ನೆಲಕ್ಕೆ ಹತ್ತಿ ಕಡಿಯಬೇಕು. ಸೊಂಟ ಪೂರ್ತಿ ಬಗ್ಗಬೇಕು. ಮಚ್ಚಿನ ತೂಕ ನೂರು ಗ್ರಾಂ ಹೆಚ್ಚಿದ್ದರೆ ದಿನದ ಕೊನೆಗೆ ಮಣಿಕಟ್ಟು ಏನಾಗುತ್ತದೆ, ಹಿಡಿ ಯಾವ ಓರೆಯಲ್ಲಿದ್ದರೆ ಸೊಂಟಕ್ಕೆ ಆರಾಮ, ಎಷ್ಟು ಹೊತ್ತಿಗೊಮ್ಮೆ ಅರ ಹಾಕಬೇಕು, ಹೆಂಗಸಿನ ಅಂಗೈಗೆ ಗಂಡಸಿನ ಮಚ್ಚು ಯಾಕೆ ಒಗ್ಗುವುದಿಲ್ಲ: ಇಷ್ಟಕ್ಕೆ ಉತ್ತರ ಬರೆದರೆ ಅದು ಚಾಕು ಪತ್ರಿಕೋದ್ಯಮ. ಮೊಂಡು ಮಚ್ಚಿನಿಂದ ಕಳೆದುಹೋದ ಟನ್ನು ಆ ಜೋಡಿಯ ಉಚಲ್ ಸಾಲಕ್ಕೆ ಸೇರುತ್ತದೆ. ತಪ್ಪು ಬರೆದರೆ ನಷ್ಟ ಅನುಭವಿಸುವ ಓದುಗ ಎಂದರೆ ಇವನು, ಇವಳು.

ಈ ಮಚ್ಚು ಕುಡುಗೋಲುಗಳನ್ನು ಬಡಿಯುವವರಲ್ಲಿ ಘಿಸಾಡಿಗಳಿದ್ದಾರೆ. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಊರಾಚೆ ರಸ್ತೆಬದಿಯಲ್ಲಿ ಟೆಂಟು ಹೂಡಿ ಕುಲುಮೆ ಹಚ್ಚುವ ಅಲೆಮಾರಿ ಕಮ್ಮಾರರು. ಗಂಡ ಇಕ್ಕಳದಲ್ಲಿ ಕೆಂಪಗಿನ ಕಬ್ಬಿಣ ಹಿಡಿದು ಕೂತಿರುತ್ತಾನೆ, ಹೆಂಡತಿ ದೊಡ್ಡ ಸುತ್ತಿಗೆ ಎತ್ತಿ ಹೊಡೆಯುತ್ತಾಳೆ. ಕಬ್ಬಿಣ ಎಲ್ಲಿಯದು? ಗುಜರಿಗೆ ಬಿದ್ದ ಲಾರಿಯ ಕಮಾನು ಪಟ್ಟಿ. ತಮಾಷೆ ಇರುವುದು ಇಲ್ಲೇ. ಅಮೆರಿಕದ ಕಮ್ಮಾರ ಹವ್ಯಾಸಿಗಳು ಬಹುವಾಗಿ ಮೆಚ್ಚುವ 5160 ಎಂಬ ಉಕ್ಕು ಕೂಡ ಕಮಾನು ಪಟ್ಟಿಯ ಉಕ್ಕೇ. ಅಲ್ಲಿ ಅದಕ್ಕೆ ಸಂಖ್ಯೆ, ಲೇಖನ, ಹದಮಾಡುವ ಉಷ್ಣತೆಯ ಪಟ್ಟಿ, ಅಭಿಮಾನಿ ಬಳಗ. ಇಲ್ಲಿ ಅದು ‘ಪಟ್ಟಿ ಮಾಲು’. ಕೆಂಪು ಯಾವ ಛಾಯೆಗೆ ಬಂದಾಗ ಹೊರಗೆಳೆಯಬೇಕು, ಎಷ್ಟು ಅದ್ದಬೇಕು, ಬೆನ್ನಿನ ಕಾವು ಅಂಚಿಗೆ ಹರಿಯುವವರೆಗೆ ಎಷ್ಟು ಕಾಯಬೇಕು ಎಂಬ ಜ್ಞಾನ ಆ ಇಬ್ಬರ ಕಣ್ಣು ಕೈಗಳಲ್ಲಿದೆ. ಕಾರ್ಖಾನೆಯ ತಗಡಿನ ಮಚ್ಚು ಸಂತೆಗೆ ಬಂದ ಮೇಲೆ ಮಕ್ಕಳು ಬೇರೆ ಕೂಲಿ ಹುಡುಕುತ್ತಿದ್ದಾರೆ. ಕಣ್ಣು ಮುಚ್ಚಿದ ದಿನ ಆ ಛಾಯೆಯೂ ಮುಚ್ಚುತ್ತದೆ.

ಹೀಗೆ ಮುಚ್ಚಿಹೋದ ವಿದ್ಯೆ ಈ ನೆಲಕ್ಕೆ ಹೊಸದಲ್ಲ. 1794ರಲ್ಲಿ ಬಾಂಬೆಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಉಕ್ಕಿನ ಬಿಲ್ಲೆಗಳನ್ನು ಲಂಡನ್ನಿಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿ ಅದನ್ನು ವೂಟ್ಸ್ ಎಂದು ಕರೆದ. ಕನ್ನಡದ ಉಕ್ಕು ಬಾಯಿಂದ ಬಾಯಿಗೆ, ಕಾಗದದಿಂದ ಕಾಗದಕ್ಕೆ ಹೋಗಿ ವೂಟ್ಸ್ ಆಯಿತು ಎಂಬುದು ಹೆಚ್ಚಿನವರು ಒಪ್ಪುವ ಊಹೆ. ಐದಾರು ವರ್ಷದಲ್ಲೇ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿ, ಕಬ್ಬಿಣ ಉಕ್ಕು ಮಾಡುವವರ ಪಕ್ಕ ನಿಂತು, ಎಷ್ಟು ಜನ, ಎಂಥ ಮೂಸೆ, ಎಷ್ಟು ಇದ್ದಿಲು, ಯಾರಿಗೆ ಎಷ್ಟು ಪಾಲು ಎಂದು ಬರೆದುಕೊಂಡ. ಕಂಪನಿ ಸರ್ಕಾರದ ಕೆಲಸಕ್ಕೆ ಬಂದವನು, ಪ್ರೀತಿಗೆ ಬರೆದದ್ದಲ್ಲ. ಆದರೂ ಇವತ್ತಿನ ಹೊಳಪು ಕಾಗದದ ಎಷ್ಟೋ ಲೇಖನಗಳಿಗಿಂತ ಆ ದಿನಚರಿ ಹೆಚ್ಚು ಹೇಳುತ್ತದೆ. ಮುಂದೆ ಆ ವಿದ್ಯೆ ಅಳಿಯಿತು. ಎರಡು ಶತಮಾನದ ಬಳಿಕ ಜಾನ್ ವರ್ಹೋವನ್ ಎಂಬ ಪ್ರೊಫೆಸರು ಮತ್ತು ಆಲ್ಫ್ರೆಡ್ ಪೆಂಡ್ರೆ ಎಂಬ ಫ್ಲಾರಿಡಾದ ಕಮ್ಮಾರ ಸೇರಿ ವರ್ಷಗಟ್ಟಲೆ ಬಡಿದು ಸುಟ್ಟು ನೋಡಿ, ಆ ಅಲಗುಗಳ ನೀರಲೆಯ ಚಿತ್ತಾರಕ್ಕೆ ವೆನೇಡಿಯಂನಂಥ ಧಾತುಗಳ ಲವಲೇಶವೇ ಕಾರಣವಿರಬೇಕೆಂದು ತೋರಿಸಿದರು. ಪತ್ರಿಕೆಗಳ ಜಾಹೀರಾತಿನಲ್ಲಿ ‘ಡಮಾಸ್ಕಸ್’ ಎಂದು ಮಿನುಗುವುದು ಸಾಮಾನ್ಯವಾಗಿ ಇದಲ್ಲ, ಎರಡು ಬಗೆಯ ಉಕ್ಕಿನ ಪದರ ಬೆಸೆದ ಬೇರೆಯೇ ಮಾಲು. ಈ ವ್ಯತ್ಯಾಸವನ್ನು ಪ್ರತಿ ಸಂಚಿಕೆಯಲ್ಲೂ ಒಂದು ಸಾಲಿನಲ್ಲಿ ಹೇಳಬಹುದಿತ್ತು. ಹೇಳಿದರೆ ಮಾರಾಟಕ್ಕೆ ತೊಂದರೆ.

ಅಲಗಿನ ಕೆಲಸ ಬಿಟ್ಟು ರೂಪವನ್ನಷ್ಟೇ ಮೆರೆಸುವ ಬರಹದಿಂದ ಏನು ಹಾನಿ, ಹವ್ಯಾಸ ತಾನೆ ಎಂದು ಕೇಳಬಹುದು. 2018ರ ಮೇ ತಿಂಗಳಲ್ಲಿ ಔರಂಗಾಬಾದಿನಲ್ಲಿ ಗಲಭೆಯಾಯಿತು. ಅದಾದ ಕೆಲವೇ ದಿನಗಳಲ್ಲಿ ಆನ್‌ಲೈನ್ ಅಂಗಡಿಯಿಂದ ಪಾರ್ಸೆಲ್ಲಾಗಿ ಬಂದ ಕತ್ತಿ, ಚಾಕುಗಳನ್ನು ಅದೇ ಊರಿನ ಪೊಲೀಸರು ವಶಪಡಿಸಿಕೊಂಡರು. ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸಿ ವೀಡಿಯೊ ಹಾಕಿ ಠಾಣೆ ಹತ್ತುವ ಹುಡುಗರ ಸುದ್ದಿ ಮಹಾರಾಷ್ಟ್ರದಲ್ಲಿ ಹಳಸಲಾಗಿದೆ, ಕರ್ನಾಟಕದಲ್ಲೂ. ಆ ಹುಡುಗರು ಅಮೆರಿಕದ ಪತ್ರಿಕೆ ಓದಿ ಹಾಗೆ ಮಾಡಿದರು ಎನ್ನುವುದು ಹಾಸ್ಯಾಸ್ಪದ. ಆದರೆ ಅಲಗೆಂದರೆ ಹಿಡಿದು ನಿಲ್ಲುವ ವಸ್ತು, ಬೆಳಕು ಬಿದ್ದು ಮಿನುಗುವ ವಸ್ತು ಎಂಬ ನೋಟ ಒಂದೇ. ಮುಖಪುಟಕ್ಕೂ ರೀಲ್ಸಿಗೂ ಇರುವ ದೂರ ಕಾಗದದ ಗುಣಮಟ್ಟದ್ದು.

ವಿಚಿತ್ರವೆಂದರೆ ಈ ವಿಷಯದಲ್ಲಿ ಕಾನೂನು ಪತ್ರಿಕೆಗಳಿಗಿಂತ ಜಾಣ. ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಂಬತ್ತಂಗುಲಕ್ಕಿಂತ ಉದ್ದದ ಅಥವಾ ಎರಡಂಗುಲಕ್ಕಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಬರುತ್ತದೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದ್ದಾದರೆ ಬರುವುದಿಲ್ಲ. ಎಷ್ಟು ಉದ್ದ ಎಂದು ಕೇಳಿದ ಮೇಲೆ ಯಾವುದಕ್ಕೆ ಎಂದೂ ಕೇಳುತ್ತದೆ ಕಾನೂನು. ವಿಮರ್ಶಕರು ಮೊದಲ ಪ್ರಶ್ನೆಗೇ ನಿಲ್ಲುತ್ತಾರೆ.

ಅಂದವನ್ನು ಅಂದಕ್ಕಾಗಿಯೇ ಮೆಚ್ಚಬಾರದೇ? ಖಂಡಿತ ಮೆಚ್ಚಬಹುದು. ಕೊಡವರ ಪೀಚೆಕತ್ತಿಯ ಬೆಳ್ಳಿ ಕುಸುರಿಯನ್ನೋ, ಅಜ್ಜಿಯ ಹಿತ್ತಾಳೆ ಅಡಕೊತ್ತನ್ನೋ ಉಪಯೋಗದ ತಕ್ಕಡಿಯಲ್ಲಿ ತೂಗುವವನು ಒಣಕಲ. ಆದರೆ ಅವೆರಡರ ಅಂದವೂ ಕೆಲಸದ ಮೈಯಿಂದಲೇ ಎದ್ದುಬಂದದ್ದು. ಹಕ್ಕಿಯಂತೆಯೋ ಕುದುರೆಯಂತೆಯೋ ಕೆತ್ತಿದ ಅಡಕೊತ್ತು ಅಡಿಕೆಯನ್ನು ಪುಡಿ ಮಾಡದೆ ಹೋಳು ಮಾಡುತ್ತದೆ, ಇಲ್ಲದಿದ್ದರೆ ಅಜ್ಜಿ ಅದನ್ನು ಎಂದೋ ಗುಜರಿಗೆ ಹಾಕುತ್ತಿದ್ದಳು.

ಮಾದರಿ ದೂರದಲ್ಲೇನೂ ಇಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಕಾಸರಗೋಡಿನ ಗಡಿಯ ಹಳ್ಳಿಯಲ್ಲಿದ್ದುಕೊಂಡೇ ಶ್ರೀಪಡ್ರೆ ಅದನ್ನು ಕಟ್ಟಿ ಬೆಳೆಸಿದರು. ಬಳಸಿದವರೇ ಬರೆಯಬೇಕು, ಸೋತದ್ದನ್ನೂ ಬರೆಯಬೇಕು, ಓದಿದವನು ತೋಟಕ್ಕೇ ಹೋಗಿ ನೋಡುವಂತಿರಬೇಕು ಎಂಬ ಹಟ ಅದರದು. ಮರಾಠಿಯಲ್ಲಿ 2005ರಿಂದ ‘ಅಗ್ರೋವನ್’ ಎಂಬ ಕೃಷಿ ದಿನಪತ್ರಿಕೆಯೇ ಬರುತ್ತಿದೆ. ಕಾಗದ ಇದೆ, ಓದುಗರಿದ್ದಾರೆ. ಬೇಕಾಗಿರುವುದು ತಿಂಗಳಿಗೊಂದು ಪುಟ, ಅಲಗಿಗೆಂದೇ. ಮೆಟ್ಟುಗತ್ತಿಯಲ್ಲಿ ರಾತ್ರಿಯಿಡೀ ಅಡಿಕೆ ಸುಲಿದವಳು, ಚಪ್ಪರದಡಿ ನಿಂತು ದ್ರಾಕ್ಷಿ ತೆಳುಮಾಡಿದವಳು, ಕಬ್ಬಿನ ಗದ್ದೆಯಲ್ಲಿ ಆರು ತಿಂಗಳು ಕಳೆದವನು ಹೇಳಲಿ, ಅಕ್ಷರ ಬಾರದಿದ್ದರೆ ಬಲ್ಲವರು ಬರೆದುಕೊಳ್ಳಲಿ. ಒಂದೇ ಊರಿನ ಮೂರು ಕುಲುಮೆಗಳ ಮಚ್ಚನ್ನು ಒಂದು ಹಂಗಾಮು ಕಡಿಸಿ ನೋಡಿ, ಯಾವುದು ಬಾಯಿ ಬಿಟ್ಟಿತು, ಯಾವುದು ಉಳಿಯಿತು ಎಂದು ಬಡಿದವನ ಹೆಸರು ಹಾಕಿಯೇ ಅಚ್ಚಾಗಲಿ. ಚೆನ್ನಾಗಿ ಬಡಿದವನ ಟೆಂಟಿನ ಮುಂದೆ ಸಾಲು ನಿಂತೀತು, ಮಗ ಇಕ್ಕಳ ಹಿಡಿಯಲು ಇನ್ನೊಮ್ಮೆ ಯೋಚಿಸಿಯಾನು.

ನವರಾತ್ರಿಯ ಒಂಬತ್ತನೆಯ ದಿನವನ್ನು ಮರಾಠಿಗರು ಖಂಡೇನವಮಿ ಎನ್ನುತ್ತಾರೆ. ಕನ್ನಡದ ಆಯುಧಪೂಜೆಯಂತೆ ಅಲ್ಲೂ ಹತ್ಯಾರುಗಳನ್ನು ತೊಳೆದು ಅರಿಸಿನ ಕುಂಕುಮ ಹಚ್ಚಿ ಸಾಲಾಗಿ ಇಡುತ್ತಾರೆ. ನಾಸಿಕ್‌ನಲ್ಲಿ ಅಕ್ಟೋಬರ್ ಚಾಟ್ನಿಯ ಕತ್ತರಿ ಆ ಸಾಲಿನಲ್ಲಿರುತ್ತದೆ, ಸಂಭಾಜಿನಗರದ ಹಳ್ಳಿಗಳಲ್ಲಿ ಕೋಯ್ತಾ ಇರುತ್ತದೆ. ಪೂಜೆ ಮುಗಿದು ಕೆಲವೇ ದಿನಗಳಲ್ಲಿ ಲಾರಿ, ಟ್ರ್ಯಾಕ್ಟರುಗಳು ಹಳ್ಳಿಗೆ ಬರುತ್ತವೆ. ಪಾತ್ರೆ, ಹಾಸಿಗೆ, ಮಕ್ಕಳ ಜೊತೆ ಅರಿಸಿನ ಇನ್ನೂ ಪೂರ್ತಿ ಮಾಸದ ಮಚ್ಚುಗಳೂ ಏರುತ್ತವೆ.